ಕ್ಯಾನ್ಸರ್ ಕೋಶದ ಒಳಗುಟ್ಟು
(ಸಂಘದ ತಿಂಗಳ ಉಪನ್ಯಾಸದಲ್ಲಿ ಮಾಡಿದ ಭಾಷಣದ ಬರಹರೂಪ)



ಬ್ಯಾಂಕಿನಲ್ಲಿ ಕುಳಿತು ಜಮಾಖರ್ಚು ನೋಡುವ ಗುಮಾಸ್ತನೊಬ್ಬ ವೈದ್ಯಶಾಸ್ತ್ರದ ವಿಷಯವನ್ನೆತ್ತಿಕೊಂಡು ನಿಮ್ಮ ಮುಂದೆ ನಿಂತಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ನಾನು ಓದಿದ್ದು ಬಿ.ಕಾಂ. ಪ್ರಯೋಗಶಾಲೆಯ ಮುಖವನ್ನು ನೋಡಿದ್ದು ಹೈಸ್ಕೂಲಿನಲ್ಲಿ ಮಾತ್ರ. ಆದರೆ ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಮೆಟ್ಟಿಲನ್ನು ಒಮ್ಮೆಯೂ ಹತ್ತದವರು ವಿರಳ. ಊರಿನಿಂದ ಫೋನು ಬರುತ್ತದೆ. ಮಾರನೆಯ ವಾರವೇ ನೆಂಟರು ಫೈಲು ಹಿಡಿದುಕೊಂಡು ದಾದರಿನಲ್ಲಿ ಇಳಿಯುತ್ತಾರೆ. ಅವರನ್ನು ಕರೆದೊಯ್ಯುವುದು, ಸರದಿಯಲ್ಲಿ ನಿಲ್ಲುವುದು, ವೈದ್ಯರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ತಿಳಿಸುವುದು, ಇವೆಲ್ಲ ನಮ್ಮ ಪಾಲಿಗೆ ಬಂದ ಕೆಲಸ. ಈಚಿನ ವರ್ಷಗಳಲ್ಲಿ ಆ ಮಾತುಗಳ ನಡುವೆ ‘ಇಮ್ಯುನೋಥೆರಪಿ’ ಎಂಬೊಂದು ಪದ ಮತ್ತೆ ಮತ್ತೆ ಕಿವಿಗೆ ಬೀಳತೊಡಗಿದೆ. ಅದನ್ನು ಕನ್ನಡದಲ್ಲಿ ಹೇಗೆ ಹೇಳಲಿ ಎಂದು ಓದಲು ಹೊರಟವನು ನಾನು. ಓದುತ್ತ ಓದುತ್ತ ಇನ್ನೂ ವಿಚಿತ್ರವಾದ ಒಂದು ಸಂಗತಿಯ ಬಳಿಗೆ ಬಂದು ಮುಟ್ಟಿದೆ. ಅದನ್ನೇ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಒಂದು ಮಾತು. ಕ್ಯಾನ್ಸರ್ ಎಂದರೆ ಗಡ್ಡೆ ಎಂದು ನಾವು ತಿಳಿದಿರುತ್ತೇವೆ. ಗಡ್ಡೆ ಒಂದೇ ಕಡೆ ಇದ್ದರೆ ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆದಾರು. ಜೀವಕ್ಕೆ ಸಂಚಕಾರ ಬರುವುದು ಬಹುಮಟ್ಟಿಗೆ ಅದು ಹರಡಿದಾಗ. ಸ್ತನದಲ್ಲಿ ಹುಟ್ಟಿದ್ದು ಮೂಳೆಗೆ ಹೋಗುತ್ತದೆ. ಕೆನ್ನೆಯಲ್ಲಿ ಹುಟ್ಟಿದ್ದು ಕತ್ತಿನ ಗ್ರಂಥಿಗಿಳಿದು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬಾತ ೧೮೮೯ರಲ್ಲಿ, ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ ೭೩೫ ಮಂದಿಯ ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದ. ರೋಗ ಕಂಡಕಂಡಲ್ಲಿ ಹರಡಿರಲಿಲ್ಲ. ಕೆಲವು ಅಂಗಗಳನ್ನೇ ಆರಿಸಿಕೊಂಡಂತೆ ಹೋಗಿ ಕುಳಿತಿತ್ತು. ಬೀಜ ಎಲ್ಲ ದಿಕ್ಕಿಗೂ ಹಾರಿದರೂ ಹದವಾದ ಮಣ್ಣು ಸಿಕ್ಕಿದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಆತ ಹೇಳಿದ. ಬೇಸಾಯದ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಬೀಜದ ಪ್ರಯಾಣ ಸುಲಭದ್ದಲ್ಲ. ಪಕ್ಕದ ಕೋಶಗಳ ಕೈಬಿಡಿಸಿಕೊಳ್ಳಬೇಕು, ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಗಬೇಕು, ಹರಿಯುವ ನೆತ್ತರಿನಲ್ಲಿ ಬದುಕಿ ಉಳಿಯಬೇಕು, ಪರವೂರಿನಲ್ಲಿ ಇಳಿದು ಬೇರೂರಬೇಕು. ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ನಾಶವಾಗುತ್ತವೆ. ಹಾಗೆ ನಾಶಮಾಡುವವರಲ್ಲಿ ನಮ್ಮ ದೇಹದ ಕಾವಲುಗಾರರೂ ಸೇರಿದ್ದಾರೆ.

ಈ ಕಾವಲುಗಾರರಲ್ಲಿ ಮುಖ್ಯವಾದವು ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಮೇಲೆ ಮಾದರಿಗೆಂದು ಇಟ್ಟುಕೊಂಡಿರುತ್ತದೆ. ಟಿ-ಕೋಶ ಬಂದು ಅದನ್ನು ತಡವಿ ನೋಡುತ್ತದೆ. ನಮ್ಮಲ್ಲಿ ಚೆಕ್ಕು ಬಂದಾಗ ರುಜುವಿನ ಮಾದರಿಯೊಡನೆ ತಾಳೆ ನೋಡುವುದಿಲ್ಲವೇ, ಹಾಗೆ. ಪರಕೀಯವೆಂದು ಕಂಡರೂ ಒಡನೆಯೇ ಕೊಲ್ಲಲು ಹೊರಡುವುದಿಲ್ಲ. ತಿಜೋರಿಗೆ ಎರಡು ಬೀಗದ ಕೈಗಳು ಬೇಕಾದಂತೆ, ಮೊದಲ ಸಲ ಎಚ್ಚರಗೊಳ್ಳುವ ಟಿ-ಕೋಶಕ್ಕೆ ಎರಡನೆಯ ಒಪ್ಪಿಗೆಯೂ ಬೇಕು. ಅಷ್ಟೇ ಅಲ್ಲ, ನಡುವೆ ತಡೆಹಿಡಿಯುವ ಕೈಗಳೂ ಉಂಟು. ಇವನ್ನು ಇಂಗ್ಲಿಷಿನಲ್ಲಿ ಚೆಕ್‌ಪಾಯಿಂಟ್ ಎನ್ನುತ್ತಾರೆ. ನಮ್ಮ ಹಿರಿಯರ ಬಾಯಲ್ಲಿದ್ದ ‘ಉಕ್ಕಡ’ ಎಂಬ ಮಾತು, ಸುಂಕದ ಕಟ್ಟೆ ಎಂಬ ಮಾತು, ಇದಕ್ಕೆ ಸಾಕಷ್ಟು ಹತ್ತಿರ. ಕಾವಲುಗಾರ ಕೈಮೀರಿ ಸ್ವಂತ ಮನೆಗೇ ಬೆಂಕಿಯಿಡದಂತೆ ತಡೆಯುವುದು ಈ ಕಟ್ಟೆಗಳ ಕೆಲಸ.

ಇಂಥದೊಂದು ಕಟ್ಟೆಯ ಹೆಸರು ಸಿಟಿಎಲ್‌ಎ-೪. ಅದನ್ನು ಪ್ರತಿಕಾಯದಿಂದ ಅಡ್ಡಗಟ್ಟಿದರೆ ಇಲಿಗಳ ಗಡ್ಡೆಗಳು ಕರಗುತ್ತವೆಂದು ಅಮೆರಿಕದ ಜೇಮ್ಸ್ ಆಲಿಸನ್ ೧೯೯೬ರಲ್ಲಿ ತೋರಿಸಿದರು. ಇನ್ನೊಂದು ಪಿಡಿ-೧. ಇದು ಸಿಕ್ಕಿದ್ದು ಜಪಾನಿನ ಕ್ಯೋಟೋ ನಗರದಲ್ಲಿ, ತಸುಕು ಹೊಂಜೋ ಅವರ ಪ್ರಯೋಗಶಾಲೆಯಲ್ಲಿ, ೧೯೯೨ರಲ್ಲಿ. ಕೋಶಗಳು ತಾವಾಗಿಯೇ ಸಾಯುವ ಕ್ರಮವನ್ನು ಹುಡುಕುತ್ತಿದ್ದಾಗ ದೊರೆತದ್ದರಿಂದ ‘ನಿಯೋಜಿತ ಮರಣ’ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟರು. ಅದರ ನಿಜವಾದ ಕೆಲಸ ಬೇರೆಯೆಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಲೆಡ್ಜರಿನಲ್ಲಿ ಒಮ್ಮೆ ಬಿದ್ದ ತಲೆಬರಹವನ್ನು ಬದಲಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಪಿಡಿ-೧ ಇಲ್ಲದಂತೆ ಮಾಡಿದ ಇಲಿಗಳಿಗೆ ವಯಸ್ಸಾಗುತ್ತ ಕೀಲುಗಳೂ ಮೂತ್ರಪಿಂಡಗಳೂ ಉರಿಯೂತಕ್ಕೆ ಸಿಕ್ಕಿದುವೆಂದು ೧೯೯೯ರಲ್ಲಿ ಕಂಡುಬಂದಾಗ, ಇದು ಕಾವಲುಗಾರನಿಗೆ ಹಾಕಿದ ಕಡಿವಾಣವೆಂಬುದು ಸ್ಪಷ್ಟವಾಯಿತು.

ಆ ಕಡಿವಾಣವನ್ನು ಎಳೆಯುವ ಕೈ ಯಾವುದು? ಪಿಡಿ-ಎಲ್-೧ ಎಂಬ ಇನ್ನೊಂದು ಪ್ರೋಟೀನು. ಲೀಪಿಂಗ್ ಚೆನ್ ಅವರ ತಂಡ ಅದನ್ನು ಬೇರೊಂದು ಹೆಸರಿನಲ್ಲಿ ೧೯೯೯ರಲ್ಲಿ ಗುರುತಿಸಿತು. ಅದು ಪಿಡಿ-೧ಕ್ಕೆ ಜೋಡಿಯೆಂದು ಮರುವರ್ಷ ತಿಳಿಯಿತು. ಸಾಮಾನ್ಯ ಕೋಶಗಳಿಗೂ ಇದು ಬೇಕಾದದ್ದೇ. ಆದರೆ ಎಷ್ಟೋ ಕ್ಯಾನ್ಸರ್ ಕೋಶಗಳು ಇದನ್ನು ಮೈತುಂಬ ಹೊದ್ದುಕೊಳ್ಳುತ್ತವೆ. ಟಿ-ಕೋಶ ಹತ್ತಿರ ಬಂದೊಡನೆ ಪಿಡಿ-ಎಲ್-೧ನ್ನು ಮುಂದೊಡ್ಡುತ್ತವೆ. ಟಿ-ಕೋಶ ಕೈಚೆಲ್ಲಿ ಕೂರುತ್ತದೆ. ಕಾವಲುಗಾರನ ಕಣ್ಣಿಗೆ ಮಣ್ಣೆರಚುವುದೆಂದರೆ ಇದೇ.

ಹಾಗಾದರೆ ಈ ಎರಡು ಪ್ರೋಟೀನುಗಳ ಕೈಕುಲುಕನ್ನು ತಪ್ಪಿಸಿದರಾಯಿತಲ್ಲ ಎಂಬ ಯೋಚನೆಯಿಂದ ಹುಟ್ಟಿದುವು ಹೊಸ ಔಷಧಗಳು. ೨೦೧೧ರಲ್ಲಿ ಸಿಟಿಎಲ್‌ಎ-೪ನ್ನು ತಡೆಯುವ ಇಪಿಲಿಮುಮಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ೨೦೧೪ರಲ್ಲಿ ಪಿಡಿ-೧ನ್ನು ತಡೆಯುವ ನಿವೋಲುಮಾಬ್ ಜಪಾನಿನಲ್ಲೂ ಪೆಂಬ್ರೊಲಿಜುಮಾಬ್ ಅಮೆರಿಕದಲ್ಲೂ ಬಂದುವು. ೨೦೧೮ರ ನೊಬೆಲ್ ಪಾರಿತೋಷಕವನ್ನು ಆಲಿಸನ್ ಮತ್ತು ಹೊಂಜೋ ಇಬ್ಬರಿಗೂ ಕೊಟ್ಟರು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಮೆಲನೋಮಾ ಎಂಬ ಕ್ಯಾನ್ಸರ್ ಯಕೃತ್ತಿಗೂ ಮೆದುಳಿಗೂ ಹರಡಿದೆಯೆಂದು ೨೦೧೫ರಲ್ಲಿ ತಿಳಿದಾಗ ಅವರಿಗೆ ತೊಂಬತ್ತು ವರ್ಷ. ಶಸ್ತ್ರಚಿಕಿತ್ಸೆ, ವಿಕಿರಣಗಳ ಜೊತೆಗೆ ಪೆಂಬ್ರೊಲಿಜುಮಾಬ್ ಕೊಟ್ಟರು. ಅದೇ ಡಿಸೆಂಬರಿನಲ್ಲಿ ರೋಗದ ಸುಳಿವಿಲ್ಲವೆಂದು ಅವರೇ ಹೇಳಿದರು; ಅವರು ತೀರಿಕೊಂಡದ್ದು ೨೦೨೪ರಲ್ಲಿ, ನೂರು ತುಂಬಿದ ಮೇಲೆ.

ಇಂಥ ಸುದ್ದಿಯನ್ನು ಓದಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಬಹುತೇಕ ಕ್ಯಾನ್ಸರುಗಳಲ್ಲಿ ಈ ಔಷಧದಿಂದ ಗುಣ ಕಾಣುವವರಿಗಿಂತ ಕಾಣದವರೇ ಹೆಚ್ಚು. ನಮ್ಮ ಕಡೆಯ ಹುಡುಗನೊಬ್ಬ ತಂದೆಯನ್ನು ಕರೆತಂದು ನಮ್ಮ ಮನೆಯಲ್ಲೇ ಎರಡು ತಿಂಗಳು ಇದ್ದ. ತಂದೆಗೆ ಕೆನ್ನೆಯ ಕ್ಯಾನ್ಸರು. ಮುಖವಾಡ, ಕಾವಲುಗಾರ ಎಂದೆಲ್ಲ ನಾನು ಅವನಿಗೆ ವಿವರಿಸಿದ್ದೆ. ಔಷಧ ಕೊಟ್ಟ ಮೇಲೂ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಆ ದಿನ ಲೋಕಲ್ ಗಾಡಿಯಲ್ಲಿ ಹಿಂದಿರುಗುವಾಗ ಅವನು ಕೇಳಿದ: “ಅಣ್ಣಾ, ಮುಖವಾಡ ಕಿತ್ತರೂ ಅದು ನಡೆದೇ ಹೋಯಿತಲ್ಲ. ಅದಕ್ಕೆ ಕಾಲು ಎಲ್ಲಿಂದ ಬಂತು?”

ಒಬ್ಬ ರೋಗಿಯ ವಿಷಯದಲ್ಲಿ ಇಂಥ ಪ್ರಶ್ನೆಗೆ ಉತ್ತರ ಕೊಡುವುದು ವೈದ್ಯರ ಕೆಲಸ. ಔಷಧ ಸೋಲುವುದಕ್ಕೆ ಕಾರಣಗಳು ಹಲವಾರು. ಕಾವಲುಗಾರರೇ ಗಡ್ಡೆಯೊಳಗೆ ಬಂದಿರದಿದ್ದರೆ ಕಡಿವಾಣ ಬಿಚ್ಚಿ ಏನು ಪ್ರಯೋಜನ? ಆದರೆ ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಪ್ರಯೋಗಶಾಲೆಗಳೂ ಕೇಳಿವೆ. ಅಲ್ಲಿ ದೊರೆತ ಉತ್ತರ ಇದು: ಮುಖವಾಡವೆಂದು ನಾವು ಕರೆದ ವಸ್ತುವೇ ಕೋಶದ ಒಳಗೆ ಕಾಲಿನ ಕೆಲಸವನ್ನೂ ಮಾಡುತ್ತದೆ.

ಪಿಡಿ-ಎಲ್-೧ ಎಂಬುದು ೨೯೦ ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಸರ. ಅದರ ಬಹುಭಾಗ ಕೋಶದ ಪೊರೆಯ ಹೊರಗೆ ಚಾಚಿಕೊಂಡಿರುತ್ತದೆ. ಪೊರೆಯನ್ನು ದಾಟಿ ಒಳಗೆ ಇಳಿದಿರುವುದು ಮೂವತ್ತರಷ್ಟು ಮಣಿಗಳ ಮೋಟು ಬಾಲ. ಬಹುಕಾಲ ಈ ಬಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ೨೦೦೮ರಲ್ಲಿ ಚೆನ್ ಅವರ ತಂಡವೇ, ಈ ಪ್ರೋಟೀನು ಕ್ಯಾನ್ಸರ್ ಕೋಶಕ್ಕೆ ಒಳಗಿನಿಂದಲೂ ಗುರಾಣಿಯಾಗಿ ಸಾವನ್ನು ತಡೆಯುತ್ತದೆ ಎಂಬುದನ್ನು ಬರೆಯಿತು.

ಇಲ್ಲಿ ಯಾರಿಗಾದರೂ ಒಂದು ಸಂದೇಹ ಬರಬೇಕು. ಇದೆಲ್ಲ ಟಿ-ಕೋಶವನ್ನು ವಂಚಿಸಿದ್ದರ ಪರಿಣಾಮವೇ ಇರಬಾರದೇಕೆ? ಒಳಗಿನ ಕೆಲಸ ಬೇರೆ, ಹೊರಗಿನ ಕೆಲಸ ಬೇರೆ ಎಂದು ವಿಂಗಡಿಸುವುದು ಹೇಗೆ? ಇದಕ್ಕೆ ಅಮೆರಿಕದ ಸ್ಯಾನ್ ಆಂಟೋನಿಯೋದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿತು. ಟಿ-ಕೋಶವಾಗಲಿ, ಸಹಜ ಕೊಲೆಗಾರ ಕೋಶವೆಂಬ ಇನ್ನೊಂದು ಕಾವಲು ಕೋಶವಾಗಲಿ ಹುಟ್ಟಿನಿಂದಲೇ ಇಲ್ಲದ ಒಂದು ತಳಿಯ ಇಲಿಗಳಿವೆ. ಅಂಥ ಇಲಿಗಳ ಮೈಗೆ ಮೆಲನೋಮಾ ಕೋಶಗಳನ್ನು ಸೇರಿಸಿದರು. ಕೆಲವಕ್ಕೆ ಪಿಡಿ-ಎಲ್-೧ ಯಥಾಪ್ರಕಾರ ಇರುವ ಕೋಶಗಳು. ಕೆಲವಕ್ಕೆ ಅದನ್ನು ತಗ್ಗಿಸಿದ ಕೋಶಗಳು. ಕಾವಲುಗಾರನೇ ಇಲ್ಲದ ಊರಿನಲ್ಲಿ ಮುಖವಾಡದಿಂದ ಏನು ಲಾಭ? ಲೆಕ್ಕಕ್ಕೆ ಎರಡೂ ಗುಂಪು ಸಮನಾಗಿರಬೇಕಾಗಿತ್ತು. ಹಾಗಾಗಲಿಲ್ಲ. ಪಿಡಿ-ಎಲ್-೧ ಹೆಚ್ಚಿದ್ದ ಕೋಶಗಳು ಶ್ವಾಸಕೋಶಕ್ಕೆ ಹೆಚ್ಚು ಹರಡಿದುವು. ವಂಚಿಸಲು ಎದುರಿಗೆ ಯಾರೂ ಇಲ್ಲದಿದ್ದರೂ ಅದು ಕೆಲಸ ಮಾಡಿತೆಂದರೆ, ಅದು ಮನೆಯೊಳಗಿನ ಕೆಲಸವೇ ಆಗಿರಬೇಕು.

ಆ ಕೆಲಸ ಏನೆಂಬುದು ಒಂದೊಂದಾಗಿ ಹೊರಬೀಳುತ್ತಿದೆ. ಕೋಶದ ಬೆಳವಣಿಗೆಯನ್ನು ಅಂಕೆಯಲ್ಲಿಡುವ ‘ಎಂಟಾರ್’ ಎಂಬೊಂದು ವ್ಯವಸ್ಥೆಯಿದೆ. ಪಿಡಿ-ಎಲ್-೧ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ೨೦೧೫ರಲ್ಲಿ ಸೇಂಟ್ ಲೂಯಿ ನಗರದ ಒಂದು ತಂಡ ಇಲಿಗಳ ಗಡ್ಡೆಗಳಲ್ಲಿ ನೋಡಿದಾಗ, ಪಿಡಿ-ಎಲ್-೧ನ್ನು ತಡೆದೊಡನೆ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಉರಿಸುವುದು ತಗ್ಗಿತು. ಅದುವರೆಗೆ ಸಕ್ಕರೆಯನ್ನೆಲ್ಲ ಗಡ್ಡೆಯೇ ಕಬಳಿಸಿ ಪಕ್ಕದ ಟಿ-ಕೋಶಗಳನ್ನು ಉಪವಾಸ ಕೆಡವುತ್ತಿತ್ತು.

ಇನ್ನು ಕೈಬಿಡಿಸಿಕೊಳ್ಳುವ ಮಾತು. ನಮ್ಮ ಚರ್ಮದಲ್ಲಿ, ಬಾಯಿಯ ಒಳಪದರದಲ್ಲಿ ಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ನಿಂತಿರುತ್ತವೆ. ಈ ಹಿಡಿತದ ಅಂಟು ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಅದನ್ನು ಕಂಡುಹಿಡಿದ ತಾಕೇಯಿಚಿ ಅವರೂ ಕ್ಯೋಟೋ ವಿಶ್ವವಿದ್ಯಾಲಯದವರೇ ಎಂಬುದು ಒಂದು ಸ್ವಾರಸ್ಯ. ಹರಡಲು ಹೊರಟ ಕೋಶ ಈ ಅಂಟನ್ನು ಕಡಿಮೆ ಮಾಡಿಕೊಂಡು, ಇಟ್ಟಿಗೆಯಂತಿದ್ದ ಮೈಯನ್ನು ಕದಿರಿನಂತೆ ಉದ್ದ ಮಾಡಿಕೊಂಡು ಹರಿದಾಡತೊಡಗುತ್ತದೆ. ಭ್ರೂಣ ಬೆಳೆಯುವಾಗ ಕೋಶಗಳು ತಮ್ಮ ಜಾಗಗಳಿಗೆ ಹೋಗಿ ಸೇರುವುದೂ ಹೀಗೆಯೇ. ಕ್ಯಾನ್ಸರು ಆ ಹಳೆಯ ವಿದ್ಯೆಯನ್ನು ಕದ್ದು ಬಳಸುತ್ತದೆ. ಈ ವೇಷ ಬದಲಾವಣೆಯನ್ನು ನಡೆಸುವ ಗುಂಡಿಯನ್ನೊತ್ತಿದರೆ ಪಿಡಿ-ಎಲ್-೧ ಕೂಡ ಏರುತ್ತದೆಂದು ೨೦೧೪ರಲ್ಲಿ ಹ್ಯೂಸ್ಟನ್ನಿನವರು ಶ್ವಾಸಕೋಶದ ಕ್ಯಾನ್ಸರಿನಲ್ಲಿ ತೋರಿಸಿದರು. ಮೂತ್ರಪಿಂಡದ ಕ್ಯಾನ್ಸರ್ ಕೋಶಗಳಲ್ಲಿ ಇದರ ತಿರುಗುಮುರುಗನ್ನೂ ಕಂಡಿದ್ದಾರೆ: ಪಿಡಿ-ಎಲ್-೧ ಏರಿದರೆ ವೇಷ ಬದಲಾಗುತ್ತದೆ. ಅಂದರೆ ಪ್ರಯಾಣಕ್ಕೆ ಗಂಟು ಕಟ್ಟುವವನೇ ರಹದಾರಿ ಚೀಟಿಯನ್ನೂ ತಯಾರಿಸಿಟ್ಟುಕೊಳ್ಳುತ್ತಾನೆ.

ನಮ್ಮ ವೃತ್ತಿಯವರಿಗೆ ಚೆನ್ನಾಗಿ ಅರ್ಥವಾಗುವ ಸಂಗತಿ ಇನ್ನೊಂದಿದೆ. ಕೌಂಟರಿನ ಮೇಜಿನಲ್ಲಿ ನೋಟು ಮುಗಿದರೆ ಕ್ಯಾಷಿಯರು ಒಳಗಿನ ತಿಜೋರಿಯಿಂದ ತರಿಸಿಕೊಳ್ಳುತ್ತಾನೆ. ಕ್ಯಾನ್ಸರ್ ಕೋಶವೂ ಪಿಡಿ-ಎಲ್-೧ನ್ನು ಬರೀ ಮೈಮೇಲೆ ಇಟ್ಟುಕೊಂಡಿಲ್ಲ; ಒಳಗಿನ ಚೀಲಗಳಲ್ಲಿ ದಾಸ್ತಾನು ಇದೆ. ಮೈಮೇಲಿನದು ಒಳಕ್ಕೆ ಹೋದಾಗ ಅದು ಕಸಕ್ಕೆ ಬೀಳದಂತೆ ಕಾದು, ಮತ್ತೆ ಹೊರಕ್ಕೆ ಕಳುಹಿಸುವ ಸಿಎಂಟಿಎಂ-೬ ಎಂಬ ದಾಸ್ತಾನು ಗುಮಾಸ್ತನನ್ನು ೨೦೧೭ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಪತ್ತೆಮಾಡಿದುವು. ಮರುವರ್ಷ ಪೆನ್ಸಿಲ್ವೇನಿಯಾದ ಸಂಶೋಧಕರು ಇನ್ನೊಂದು ಹಂಚಿಕೆಯನ್ನು ಹೊರಗೆಡಹಿದರು: ಮೆಲನೋಮಾ ಕೋಶಗಳು ಪಿಡಿ-ಎಲ್-೧ ಅಂಟಿಸಿದ ಸೂಕ್ಷ್ಮವಾದ ಗುಳ್ಳೆಗಳನ್ನು ರಕ್ತದಲ್ಲಿ ತೇಲಿಬಿಡುತ್ತವೆ. ಕೋಶ ತಾನು ಕುಳಿತಲ್ಲಿಂದಲೇ ದೂರದ ಟಿ-ಕೋಶಗಳ ಕೈಕಟ್ಟಿಸುತ್ತದೆ.

೨೦೨೦ರಲ್ಲಿ ಬಂದದ್ದು ಎಲ್ಲಕ್ಕಿಂತ ಬೆರಗಿನ ಸಮಾಚಾರ. ಈ ಪ್ರೋಟೀನು ಪೊರೆಯನ್ನು ಬಿಟ್ಟು ಕೋಶಕೇಂದ್ರದ ಒಳಗೆ, ಅಂದರೆ ವಂಶವಾಹಿಗಳನ್ನು ಇಟ್ಟಿರುವ ಗರ್ಭಗುಡಿಯವರೆಗೆ ಹೋಗುತ್ತದೆ. ಬಾಸ್ಟನ್ನಿನ ವೆನ್‌ಯಿ ವೇ ಅವರ ತಂಡದ ಪ್ರಕಾರ, ಬಾಲದ ಮೇಲೆ ಅಸಿಟೈಲ್ ಎಂಬ ಸಣ್ಣದೊಂದು ರಾಸಾಯನಿಕ ಮುದ್ರೆ ಇರುವವರೆಗೆ ಅದು ಹೊರಗಿರುತ್ತದೆ. ಎಚ್‌ಡಿಎಸಿ-೨ ಎಂಬ ಕಿಣ್ವ ಆ ಮುದ್ರೆಯನ್ನು ಕಿತ್ತೊಡನೆ ಒಳಕ್ಕೆ ಹೋಗಲು ದಾರಿಯಾಗುತ್ತದೆ. ಒಳಹೊಕ್ಕು ಅದು ರೋಗನಿರೋಧಕ್ಕೆ ಸಂಬಂಧಿಸಿದ ವಂಶವಾಹಿಗಳ ಮೇಲೆ ಕೈಯಾಡಿಸುತ್ತದೆ. ಅದೇ ವರ್ಷ ಹ್ಯೂಸ್ಟನ್ನಿನ ತಂಡವೊಂದು, ಆಮ್ಲಜನಕ ಸಾಲದ ಗಡ್ಡೆಯ ನಡುಭಾಗದಲ್ಲಿ ಪಿಡಿ-ಎಲ್-೧ ಕೋಶಕೇಂದ್ರಕ್ಕೆ ಹೋಗಿ, ತಣ್ಣಗೆ ಸಾಯಬೇಕಾದ ಕೋಶಗಳನ್ನು ಒಡೆದು ಸಾಯುವಂತೆ ಮಾಡುತ್ತದೆ, ಅದರಿಂದ ಗಡ್ಡೆಯೊಳಗೆ ಕೊಳೆತ ಉಂಟಾಗುತ್ತದೆ ಎಂದು ವರದಿ ಮಾಡಿತು. ಬಾಗಿಲಲ್ಲಿ ಚೀಟಿ ತೋರಿಸುವವನೆಂದು ತಿಳಿದಿದ್ದವನು ಮ್ಯಾನೇಜರರ ಕೋಣೆಯಲ್ಲಿ ಕುಳಿತು ಆಜ್ಞೆ ಬರೆಯುತ್ತಿದ್ದನೆಂದಾಯಿತು!

ಇಷ್ಟು ಹೇಳಿದ ಮೇಲೆ ವಿರೋಧದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಟಿ-ಕೋಶದ ಸ್ವತ್ತಾದ ಪಿಡಿ-೧ ಕೂಡ ಕೆಲವು ಕ್ಯಾನ್ಸರ್ ಕೋಶಗಳಲ್ಲಿರುವುದುಂಟು. ಮೆಲನೋಮಾದಲ್ಲಿ ಅದು ಗಡ್ಡೆಯನ್ನು ಬೆಳೆಸುತ್ತದೆಂದು ೨೦೧೫ರ ಸಂಶೋಧನೆ ಹೇಳಿತು. ಶ್ವಾಸಕೋಶದ ಕ್ಯಾನ್ಸರಿನಂಥ ಕೋಶಗಳಲ್ಲಿ ಅದೇ ಪಿಡಿ-೧ ಬೆಳವಣಿಗೆಯನ್ನು ಅದುಮಿಡುತ್ತದೆಂದು ೨೦೨೦ರದು ಹೇಳಿತು. ಎರಡನೆಯದು ನಿಜವಾದ ಕಡೆ ಪಿಡಿ-೧ನ್ನು ತಡೆಯುವ ಔಷಧ, ಟಿ-ಕೋಶಗಳ ಬೆಂಬಲವಿಲ್ಲದಿದ್ದರೆ, ಗಡ್ಡೆಗೇ ನೆರವಾಗಬಹುದು. ಒಂದೇ ಪ್ರೋಟೀನು ಒಂದು ಮನೆಯಲ್ಲಿ ಮಾವನಂತೆ, ಇನ್ನೊಂದರಲ್ಲಿ ಅಳಿಯನಂತೆ ನಡೆದುಕೊಂಡರೆ ಅದರ ಸ್ವಭಾವ ಇಂಥದೇ ಎಂದು ಬರೆದುಕೊಡುವವರಾರು? ಅಲ್ಲದೆ ಈ ಒಳಮನೆಯ ವಿಚಾರಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯಲ್ಲೂ ಇಲಿಗಳಲ್ಲೂ ಕಂಡವು. ಪತ್ರಿಕೆಯ ತಲೆಬರಹ ನೋಡಿ ಊರಿನವರಿಗೆ ಫೋನು ಮಾಡುವ ಉತ್ಸಾಹಿಗಳು ಇದನ್ನು ಮರೆಯಬಾರದೆಂಬುದು ನನ್ನ ಬಿನ್ನಹ.

ಈಗಿರುವ ಔಷಧಗಳು ಪ್ರತಿಕಾಯಗಳು; ಗಾತ್ರದಲ್ಲಿ ದೊಡ್ಡವು. ಕೋಶದ ಹೊರಗೆ ನಿಂತು ಪ್ರೋಟೀನಿನ ಮುಖವನ್ನು ಹಿಡಿಯಬಲ್ಲವು. ಒಳಗಿನ ದಾಸ್ತಾನನ್ನಾಗಲಿ, ಕೋಶಕೇಂದ್ರದಲ್ಲಿ ಕುಳಿತದ್ದನ್ನಾಗಲಿ ನೇರವಾಗಿ ಮುಟ್ಟಲಾರವು. ಎಚ್‌ಡಿಎಸಿ-೨ ಕಿಣ್ವವನ್ನು ತಡೆಯುವ ವಸ್ತುವನ್ನು ಪಿಡಿ-೧ ಔಷಧದೊಡನೆ ಸೇರಿಸಿ ಕೊಟ್ಟಾಗ ಬಾಸ್ಟನ್ನಿನ ಇಲಿಗಳಲ್ಲಿ ಗಡ್ಡೆಗಳು ಹೆಚ್ಚು ತಗ್ಗಿದುವು. ಪಿಡಿ-ಎಲ್-೧ನ್ನು ಬರಿದೆ ಮುಚ್ಚುವ ಬದಲು ಕೋಶದೊಳಗೇ ಅದನ್ನು ಕಸಕ್ಕೆ ಹಾಕಿಸುವ ಹವಣಿಕೆಯೂ ಪ್ರಯೋಗಶಾಲೆಗಳಲ್ಲಿ ನಡೆದಿದೆ.

ಹಣದ ಮಾತನ್ನೂ ಆಡಬೇಕು. ಆಡದಿದ್ದರೆ ನಾನು ಬ್ಯಾಂಕಿನವನೇ ಅಲ್ಲ. ನಿವೋಲುಮಾಬಿನ ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ ೨೪೦ ಮಿಲಿಗ್ರಾಂ. ಇದರ ಬೆಲೆಗೆ ಊರಿನಲ್ಲಿ ತೋಟ ಅಡವಿಟ್ಟವರುಂಟು. ನಮ್ಮ ಟಾಟಾ ಸ್ಮಾರಕದ ವೈದ್ಯರು, ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್ ವಾಸಿಯಾಗುವ ಹಂತವನ್ನು ಮೀರಿದ್ದ ೧೫೧ ರೋಗಿಗಳನ್ನು ಎರಡು ಪಾಲು ಮಾಡಿ, ಎಲ್ಲರಿಗೂ ಬಾಯಿಂದ ನುಂಗುವ ಮೂರು ಅಗ್ಗದ ಔಷಧಗಳನ್ನು ಕೊಟ್ಟು, ಒಂದು ಪಾಲಿಗೆ ಮಾತ್ರ ಮೂರು ವಾರಕ್ಕೊಮ್ಮೆ ಬರೀ ೨೦ ಮಿಲಿಗ್ರಾಂ ನಿವೋಲುಮಾಬ್ ಸೇರಿಸಿದರು. ಆರು ವಾರದ ಲೆಕ್ಕ ಹಾಕಿ ನೋಡಿ: ೭೨೦ ಎಲ್ಲಿ, ೪೦ ಎಲ್ಲಿ! ಹದಿನೆಂಟರಲ್ಲಿ ಒಂದು ಪಾಲು. ವರ್ಷ ಕಳೆದಾಗ ಬದುಕಿದ್ದವರು, ನಿವೋಲುಮಾಬ್ ಇಲ್ಲದ ಪಾಲಿನಲ್ಲಿ ನೂರಕ್ಕೆ ೧೬.೩, ಅದನ್ನು ಸೇರಿಸಿದ ಪಾಲಿನಲ್ಲಿ ೪೩.೪. ಇದು ೨೦೨೨ರಲ್ಲಿ ಹೊರಬಂದು ಹೊರದೇಶದವರೂ ಗಮನಿಸುವಂತಾಯಿತು. ಆದರೂ ಆ ಎರಡನೆಯ ಪಾಲಿನಲ್ಲೂ ನೂರಕ್ಕೆ ಐವತ್ತಾರಕ್ಕೂ ಹೆಚ್ಚು ಮಂದಿ ವರ್ಷದೊಳಗೆ ತೀರಿಕೊಂಡರೆಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು.

ಬಾಯಿಯ ಕ್ಯಾನ್ಸರಿನ ಮಾತು ಬಂದದ್ದರಿಂದ, ಮಲೆನಾಡಿನ ಸ್ನೇಹಿತರು ಮುನಿಸಿಕೊಂಡರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ: ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ೨೦೦೪ರಲ್ಲಿ ಪ್ರಕಟಿಸಿದೆ. ಪಾನ್ ಮಸಾಲೆಯ ಪೊಟ್ಟಣಕ್ಕಾಗಿ ಕಚೇರಿಯ ಮೂಲೆಯಂಗಡಿಗೆ ದಿನಕ್ಕೆ ಆರು ಸಲ ಹೋಗುವ ಗೆಳೆಯರು ಈ ಸಭೆಯಲ್ಲೂ ಇದ್ದಾರೆ.

ಕೊನೆಯದಾಗಿ, ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಕಾಗದ ಓದಿ ಹೇಳುವವರಿಗೆ ಉಪಯೋಗಕ್ಕೆ ಬರುವ ಒಂದು ವಿವರ. ಈ ಔಷಧಗಳನ್ನು ಕೊಡುವ ಮುನ್ನ ಅನೇಕ ವೇಳೆ ಗಡ್ಡೆಯ ಚೂರಿಗೆ ಬಣ್ಣ ಹಾಕಿ ಪಿಡಿ-ಎಲ್-೧ ಪರೀಕ್ಷೆ ಮಾಡುತ್ತಾರೆ. ವರದಿಯಲ್ಲಿ ಒಂದು ಅಂಕಿ ಇರುತ್ತದೆ. ಮನೆಯವರು ಅದನ್ನೇ ಪರೀಕ್ಷೆಯ ಮಾರ್ಕಿನಂತೆ ಹಿಡಿದುಕೊಂಡು, ಹೆಚ್ಚಾದರೆ ಹಿಗ್ಗುತ್ತಾರೆ, ಕಡಿಮೆಯಾದರೆ ಕುಗ್ಗುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯರು ಕ್ಯಾನ್ಸರ್ ಕೋಶಗಳನ್ನು ಎಣಿಸುವಾಗ, ಪೊರೆಯ ಮೇಲೆ ಬಣ್ಣ ಹಿಡಿದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಔಷಧ ಹಿಡಿಯುವುದು ಹೊರಗಿನ ಜೋಡಿಯನ್ನಾದ್ದರಿಂದ ಆ ನಿಯಮ ಸರಿಯಾದದ್ದೇ. ಆದರೆ ಕೋಶದ ಒಳಗೆ ಬಣ್ಣ ಹಿಡಿದಿದ್ದರೆ ಅದು ಆ ಅಂಕಿಯಲ್ಲಿ ಸೇರಿರುವುದಿಲ್ಲ. ಆದುದರಿಂದ ರೋಗ ಹರಡುತ್ತದೆಯೋ ಇಲ್ಲವೋ ಎಂಬುದನ್ನು ಆ ಅಂಕಿಯಿಂದ ಓದಲು ಹೋಗಬೇಡಿ. ಈ ಔಷಧ ಹಿಡಿಸುವ ಸಂಭವ ಎಷ್ಟು ಎಂಬುದಕ್ಕೆ ಅದೊಂದು ಸುಳಿವು, ಅಷ್ಟೆ. ಮಿಕ್ಕದ್ದನ್ನು ವೈದ್ಯರನ್ನೇ ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಲು ಜೊತೆಗೊಬ್ಬರು ಬೇಕಾದರೆ, ಶನಿವಾರಗಳಲ್ಲಿ ರಜೆಯಿದ್ದಾಗ ನಾನು ಬರುತ್ತೇನೆ.